ಹನ್ನೊಂದರ ಪಟ್ಟಿಯಿಂದ ತಾರೆಯ ಹೆಸರು ತೆಗೆದಾಗ: ನನ್ನ ಅನುಭವ

ತಂಡದ ದೊಡ್ಡ ಆಟಗಾರನನ್ನು ಎಲ್ಲರೆದುರು ಶಿಸ್ತಿಗೆ ಒಳಪಡಿಸಿದರೆ ಋತು ಮುಗಿಯುವುದರೊಳಗೆ ಅವನಾದರೂ ಹೋಗುತ್ತಾನೆ, ಮ್ಯಾನೇಜರ್ ಆದರೂ ಹೋಗುತ್ತಾನೆ ಎಂಬ ಮಾತು ಫುಟ್‌ಬಾಲ್ ಮ್ಯಾನೇಜರ್‌ಗಳಾದ ನಮ್ಮ ವೃತ್ತಿಯಲ್ಲಿ ಮೊದಲಿನಿಂದಲೂ ಇದೆ. ನನ್ನ ಸಹಾಯಕ ಕೋಚ್, ಕ್ಲಬ್ಬಿನ ಕ್ರೀಡಾ ನಿರ್ದೇಶಕರು, ಒಂದು ಕಾಲದಲ್ಲಿ ನನಗೇ ತರಬೇತಿ ಕೊಟ್ಟಿದ್ದ ಹಿರಿಯರು, ಮೂವರೂ ಇದನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿದರು. ಋತು ಮುಗಿದು ಕೆಲವು ತಿಂಗಳಾಗಿವೆ. ನಾನೂ ಇದ್ದೇನೆ, ಅವನೂ ಇದ್ದಾನೆ, ಅದರ ಮೇಲೆ ಒಪ್ಪಂದವನ್ನೂ ಮುಂದುವರಿಸಿಕೊಂಡಿದ್ದಾನೆ. ಆಗ ಬೇಡವೆಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯಲು ಕೂತಿದ್ದೇನೆ.

ಆಟಗಾರನ ಹೆಸರು ಬೇಡ. ಹತ್ತನೇ ನಂಬರಿನ ಅಂಗಿ ತೊಡುತ್ತಿದ್ದ, ತಂಡದ ಒಟ್ಟು ಸಂಬಳದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು ಒಬ್ಬನೇ ಒಯ್ಯುತ್ತಿದ್ದ, ಹಿಂದಿನ ಋತುವಿನಲ್ಲಿ ನಮ್ಮ ಗೋಲುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚನ್ನು ಹೊಡೆದಿದ್ದ ಸ್ಟ್ರೈಕರ್ ಎಂದರೆ ಸಾಕು, ಇಂಥವರು ಎಲ್ಲ ತಂಡಗಳಲ್ಲೂ ಇರುತ್ತಾರೆ. ಅವನ ತಕರಾರು ಅಬ್ಬರದ್ದಾಗಿರಲಿಲ್ಲ. ತಂಡದ ಸಭೆಗೆ ಐದು ನಿಮಿಷ, ಹತ್ತು ನಿಮಿಷ ತಡವಾಗಿ ಬರುವುದು, ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬರುವಾಗ ಬೆಂಚಿನ ಕಡೆ ನೋಡದೆ ನೇರವಾಗಿ ಆಟಗಾರರ ಕೋಣೆಗೆ ಹೋಗುವ ಸುರಂಗದೊಳಗೆ ನಡೆಯುವುದು, ಎದುರಾಳಿಯ ಡಿಫೆಂಡರ್‌ಗಳ ಮೇಲೆ ಒತ್ತಡ ಹಾಕಬೇಕಾದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. ಇವೆಲ್ಲವನ್ನೂ ಉಳಿದ ಇಪ್ಪತ್ತನಾಲ್ಕು ಜನ ನೋಡುತ್ತಿದ್ದರು ಎಂಬುದೇ ನನ್ನ ನಿಜವಾದ ತಲೆನೋವು.

ಮೊದಲು ಎಲ್ಲರಂತೆ ದಂಡ ಹಾಕಿದೆವು. ತಡವಾಗಿ ಬಂದರೆ ಇಷ್ಟು ಎಂದು ಋತುವಿನ ಆರಂಭದಲ್ಲೇ ನಿಗದಿಯಾಗಿತ್ತು. ಎರಡನೇ ತಿಂಗಳಲ್ಲಿ ಅವನು ಒಂದು ಲಕೋಟೆ ತಂದು ಸಹಾಯಕ ಕೋಚ್ ಕೈಗಿಟ್ಟು, "ಸರ್, ಇಡೀ ಋತುವಿನ ದಂಡ ಇದರಲ್ಲಿದೆ, ಪ್ರತಿಸಲ ಲೆಕ್ಕ ಬರೆಯುವ ಕಷ್ಟ ನಿಮಗೆ ಬೇಡ" ಎಂದ. ಕೋಣೆಯಿಡೀ ನಕ್ಕಿತು, ನನಗೂ ನಗು ತಡೆಯಲಾಗಲಿಲ್ಲ. ದಂಡವನ್ನು ವಾರದ ಸಂಬಳಕ್ಕೆ ಏರಿಸಿದಾಗ ಅವನ ಏಜೆಂಟರ ವಕೀಲರಿಂದ ಪತ್ರ ಬಂತು. ಒಪ್ಪಂದದಲ್ಲಿ ದಂಡಕ್ಕೆ ಮಿತಿಯಿತ್ತು, ಅದನ್ನು ಹೇರುವ ಮೊದಲು ಲಿಖಿತ ವಿಚಾರಣೆ ನಡೆಯಬೇಕಿತ್ತು. ನಮ್ಮ ಕ್ಲಬ್ಬು ಆ ಪತ್ರಕ್ಕೆ ಉತ್ತರ ಬರೆಸಲು ವಕೀಲರಿಗೆ ಕೊಟ್ಟ ಹಣ, ನನ್ನ ನೆನಪಿನ ಪ್ರಕಾರ, ವಸೂಲಾದ ದಂಡಕ್ಕಿಂತ ಸುಮಾರು ಎರಡು ಪಟ್ಟು. ಇಂಗ್ಲೆಂಡಿನಲ್ಲಿ 2011ರಲ್ಲಿ ಬಯರ್ನ್ ವಿರುದ್ಧದ ಪಂದ್ಯದಲ್ಲಿ ಬದಲಿಯಾಗಿ ಇಳಿಯಲು ಒಪ್ಪಲಿಲ್ಲವೆಂಬ ಆರೋಪದ ಮೇಲೆ ಸ್ಟ್ರೈಕರ್ ಕಾರ್ಲೋಸ್ ಟೆವೆಜ್‌ಗೆ ಮ್ಯಾಂಚೆಸ್ಟರ್ ಸಿಟಿ ನಾಲ್ಕು ವಾರದ ಸಂಬಳದ ದಂಡ ಹಾಕಹೊರಟಾಗ ಆಟಗಾರರ ಸಂಘ ಒಪ್ಪದೆ ಅದು ಎರಡು ವಾರಕ್ಕೆ ಇಳಿಯಿತು. ಅಷ್ಟು ಶ್ರೀಮಂತ ಕ್ಲಬ್ಬಿನ ಪಾಡೇ ಹೀಗಾದರೆ ನಮ್ಮದು ಬೇರೆಯಾದೀತೇ?

ಆಮೇಲೆ ಅವನನ್ನು ಎರಡು ವಾರ ಕಿರಿಯರ ತಂಡದೊಂದಿಗೆ ಅಭ್ಯಾಸಕ್ಕೆ ಕಳಿಸಿದೆ. ಅದು ಶಿಕ್ಷೆಯಾಗಲಿಲ್ಲ, ಜಾತ್ರೆಯಾಯಿತು. ಹುಡುಗರು ಅವನ ಸುತ್ತ ಮುತ್ತಿಕೊಂಡರು, ಅವನು ಅವರ ಕಾಲುಗಳ ನಡುವೆ ಚೆಂಡು ತೂರಿಸಿ ನಗಿಸಿದ, ಮೂರನೇ ದಿನದಿಂದ ಕಿರಿಯರ ಕೋಚ್ ನನಗೆ ಕರೆಮಾಡಿ, ನಮ್ಮ ಹುಡುಗರೂ ತಡವಾಗಿ ಬರತೊಡಗಿದ್ದಾರೆ ಎಂದು ದೂರತೊಡಗಿದರು.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಆಟಗಾರರು ತೊಡುವ ಜಿಪಿಎಸ್ ಬನಿಯನ್ ದಾಖಲಿಸುವ ಓಟದ ಲೆಕ್ಕವನ್ನು ಪ್ರತಿ ಅಭ್ಯಾಸದ ನಂತರ ಹೆಸರು ಸಮೇತ ಗೋಡೆಗೆ ಅಂಟಿಸಿದರೆ ನಾಚಿಕೆಯಿಂದಲಾದರೂ ಓಡುತ್ತಾನೆ ಎಂಬ ಎಣಿಕೆಯದು. ಅವನಿಗೆ ಕೂದಲೂ ಕೊಂಕಲಿಲ್ಲ. ಕೆಳಗಿನ ಸಾಲುಗಳಲ್ಲಿದ್ದ ಒಬ್ಬ ಡಿಫೆಂಡರ್ ಮಾತ್ರ ಅಭ್ಯಾಸ ಮುಗಿದ ಮೇಲೂ ಬನಿಯನ್ ಬಿಚ್ಚದೆ ಮೈದಾನಕ್ಕೆ ನಾಲ್ಕಾರು ಸುತ್ತು ಹಾಕಿ ತನ್ನ ಅಂಕಿ ಏರಿಸಿಕೊಳ್ಳುತ್ತಿದ್ದುದು ಪತ್ತೆಯಾಯಿತು. ಮೂರನೇ ವಾರ ಆ ಹಾಳೆಯನ್ನು ಕಿತ್ತು ಹಾಕಿದೆ. ಆದರೆ ಯಾವುದನ್ನು ಅಳೆದು ತೋರಿಸಬೇಕು ಎಂಬುದರ ಸುಳಿವು ಸಿಕ್ಕಿದ್ದು ಅಲ್ಲಿಯೇ. ಓಟ ಸಾಲದು ಎಂದರೆ ನೂರು ವಾದಗಳಿವೆ, ಒಂಬತ್ತೂವರೆಯ ಸಭೆಗೆ ಒಂಬತ್ತು ನಲವತ್ತಕ್ಕೆ ಬಂದದ್ದಕ್ಕೆ ವಾದವೇ ಇಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿದ್ದ ಎರಿಕ್ ಟೆನ್ ಹಾಗ್ ಅವರ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ. 2022ರ ಡಿಸೆಂಬರ್ 31ರಂದು ವುಲ್ವ್ಸ್ ವಿರುದ್ಧದ ಪಂದ್ಯಕ್ಕೆ ಅವರು ಮಾರ್ಕಸ್ ರಾಶ್‌ಫೋರ್ಡ್‌ನನ್ನು ಬೆಂಚಿನಲ್ಲಿ ಕೂರಿಸಿದರು. ಕಾರಣ ತಂಡದೊಳಗಿನ ಶಿಸ್ತು ಎಂದಷ್ಟೇ ಹೇಳಿದರು. ವಿರಾಮದ ನಂತರ ಇಳಿದ ರಾಶ್‌ಫೋರ್ಡ್ ಪಂದ್ಯದ ಏಕೈಕ ಗೋಲು ಹೊಡೆದು, ನಿದ್ದೆ ಹೋಗಿ ಸಭೆಗೆ ತಡವಾಯಿತು ಎಂದು ತಾನೇ ಹೇಳಿಕೊಂಡ. ಪ್ರಕರಣ ಅಂದೇ ಮುಗಿಯಿತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು ಸೋತ ಬಳಿಕ ಅದೇ ಮ್ಯಾನೇಜರ್, ಜೇಡನ್ ಸ್ಯಾಂಚೊನನ್ನು ಕೈಬಿಟ್ಟದ್ದಕ್ಕೆ ಅಭ್ಯಾಸದಲ್ಲಿ ಅವನ ಮಟ್ಟ ಸಾಲದ್ದು ಕಾರಣ ಎಂದರು. ಮಟ್ಟ ಎಂಬುದು ಅಭಿಪ್ರಾಯ. ಸ್ಯಾಂಚೊ ತನ್ನನ್ನು ಬಲಿಪಶು ಮಾಡಲಾಗುತ್ತಿದೆ ಎಂದು ಬಹಿರಂಗವಾಗಿಯೇ ಉತ್ತರಿಸಿದ, ಮೊದಲ ತಂಡದಿಂದ ದೂರವಿಡಲ್ಪಟ್ಟ, ಜನವರಿಯಲ್ಲಿ ಎರವಲಿನ ಮೇಲೆ ಡಾರ್ಟ್ಮಂಡ್‌ಗೆ ಹೋಗಿ ಅದೇ ಋತುವಿನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಆಡಿದ. ಒಬ್ಬರೇ ಮ್ಯಾನೇಜರ್, ಒಂದೇ ಕ್ಲಬ್ಬು. ಒಂದು ಕಡೆ ಗಡಿಯಾರ ಸಾಕ್ಷಿ ಹೇಳಿತ್ತು, ಇನ್ನೊಂದು ಕಡೆ ಸಾಕ್ಷಿಯೇ ಇರಲಿಲ್ಲ.

ಹಾಗಾಗಿ ನಾನು ಮೊದಲು ಗಡಿಯಾರವನ್ನು ಸರಿಪಡಿಸಿದೆ. ಇದು ಹಾಸ್ಯವಲ್ಲ. ಸಭೆಯ ಕೋಣೆಯ ಗೋಡೆ ಗಡಿಯಾರ ಮೂರ್ನಾಲ್ಕು ನಿಮಿಷ ಮುಂದಿದೆ ಎಂಬುದು ಅವನ ಕಾಯಂ ನೆಪವಾಗಿತ್ತು. ಕಿಟ್ ನೋಡಿಕೊಳ್ಳುವ ಹಿರಿಯರಿಗೆ ಹೇಳಿ, ಪ್ರತಿದಿನ ಬೆಳಿಗ್ಗೆ ಫೋನಿನ ಸಮಯಕ್ಕೆ ಅದನ್ನು ಹೊಂದಿಸಿ ಪಕ್ಕದ ಹಾಳೆಯಲ್ಲಿ ಸಹಿ ಹಾಕುವಂತೆ ಮಾಡಿದೆ. ಒಂಬತ್ತೂವರೆಗೆ ಬಾಗಿಲು ಮುಚ್ಚತೊಡಗಿತು. ಮೂರು ಸಲ ತಡವಾದವನು, ಯಾರೇ ಆಗಲಿ, ಮುಂದಿನ ಪಂದ್ಯದ ಮೊದಲ ಹನ್ನೊಂದರಲ್ಲಿ ಇರುವುದಿಲ್ಲ ಎಂಬ ಒಂದೇ ನಿಯಮವನ್ನು ನಾಯಕನ ಕೈಯಲ್ಲೇ ಓದಿಸಿದೆ. ಹತ್ತು ನಿಯಮ ಮಾಡುವವರಿಗೆ ಹತ್ತು ವಿನಾಯಿತಿ ಕೊಡುವ ಸಂಕಟ ತಪ್ಪಿದ್ದಲ್ಲ.

ಇದಕ್ಕೂ ಮುಖ್ಯವಾದ ಸಿದ್ಧತೆ ಬೇರೆಯೇ ಇತ್ತು, ಅದನ್ನು ಯಾರೂ ಗಮನಿಸಲಿಲ್ಲ. ಅವನ ಜಾಗದಲ್ಲಿ ಆಡುವವನನ್ನು ಒಂದೂವರೆ ತಿಂಗಳು ಮೊದಲೇ ತಯಾರು ಮಾಡತೊಡಗಿದ್ದೆ. ಆ ಹುಡುಗನಿಗೆ ತಾರೆಯ ಕೌಶಲದ ಅರ್ಧವೂ ಇರಲಿಲ್ಲ, ಆದರೆ ಎದುರಾಳಿಯ ಗೋಲ್‌ಕೀಪರ್ ಚೆಂಡನ್ನು ಕಾಲಿಗೆ ತೆಗೆದುಕೊಂಡೊಡನೆ ನುಗ್ಗುವುದು ಅವನಿಗೆ ಹುಟ್ಟಿನಿಂದ ಬಂದಿತ್ತು. ಪ್ರತಿ ಪಂದ್ಯದ ಕೊನೆಯ ಇಪ್ಪತ್ತು ನಿಮಿಷ ಅವನನ್ನು ಇಳಿಸಿ, ಮಿಡ್‌ಫೀಲ್ಡರ್‌ಗಳಿಗೆ ಅವನ ಹಿಂದೆ ಮೇಲೇರುವುದನ್ನು ರೂಢಿ ಮಾಡಿಸಿದೆ. 2022ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಕೋಚ್ ಫರ್ನಾಂಡೊ ಸಾಂಟೊಸ್ ಅವರು ರೊನಾಲ್ಡೊನನ್ನು ಹೊರಗಿಟ್ಟ ದಿನ ಗೊನ್ಸಾಲೊ ರಾಮೊಸ್ ಮೂರು ಗೋಲು ಹೊಡೆದು ಪೋರ್ಚುಗಲ್ ಸ್ವಿಟ್ಜರ್ಲೆಂಡನ್ನು 6–1ರಿಂದ ಸೋಲಿಸಿದ್ದನ್ನು ಎಲ್ಲರೂ ಧೈರ್ಯದ ಕಥೆಯಾಗಿ ಹೇಳುತ್ತಾರೆ. ನನ್ನ ಕಣ್ಣಿಗೆ ಅದು ಬದಲಿ ಆಟಗಾರನ ಆಯ್ಕೆಯ ಕಥೆ. ಆ ಗೋಲುಗಳು ಬಾರದಿದ್ದರೆ ಅದೇ ಧೈರ್ಯಕ್ಕೆ ಮರುದಿನ ಬೇರೆ ಹೆಸರಿಡುತ್ತಿದ್ದರು.

ನಿಯಮ ಬಂದು ಐದಾರು ವಾರದೊಳಗೆ ಅವನ ಮೂರನೇ ತಡ ಬಂತು, ಅದೂ ಪಟ್ಟಿಯ ಅಗ್ರಸ್ಥಾನದಲ್ಲಿದ್ದ ತಂಡದೊಂದಿಗಿನ ಪಂದ್ಯದ ವಾರದಲ್ಲಿ. ಹಗುರ ಪಂದ್ಯಕ್ಕೆ ಮುಂದೂಡಿ ಎಂದು ಕ್ರೀಡಾ ನಿರ್ದೇಶಕರು ಹೇಳಿದರು. ಹಾಗೆ ಮುಂದೂಡಿದ್ದರೆ ಇಪ್ಪತ್ತನಾಲ್ಕು ಜನಕ್ಕೆ ಏನು ಅರ್ಥವಾಗುತ್ತಿತ್ತೆಂದು ವಿವರಿಸಬೇಕಿಲ್ಲ. ಹಿಂದಿನ ಸಂಜೆ ಮಾಲೀಕರಿಗೆ ತಿಳಿಸಿ ಅವರಿಂದ ಒಂದು ಮಾತು ಪಡೆದುಕೊಂಡೆ. ಆ ಮಾತು ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮುಂದಿನ ಕ್ಲಬ್ಬಿನಲ್ಲೂ ಅದು ಬೇಕಾದೀತು. ನಾಯಕನಿಗೂ ಇಬ್ಬರು ಹಿರಿಯ ಆಟಗಾರರಿಗೂ ರಾತ್ರಿ ಹೇಳಿದೆ. ಬೆಳಿಗ್ಗೆ ಪಟ್ಟಿ ಹಾಕುವ ಮೊದಲು ಅವನನ್ನು ಕರೆಸಿದೆ.

"ಕೋಚ್, ಇದನ್ನು ಹೊರಗೂ ಹೇಳುತ್ತೀರಾ?" ಎಂದ.

"ಹೇಳುತ್ತೇನೆ. ಏನು ಹೇಳುತ್ತೇನೆ ಎಂಬುದನ್ನು ಮೊದಲು ನೀನೇ ಓದು," ಎಂದು ಚೀಟಿ ಕೊಟ್ಟೆ.

ಅದರಲ್ಲಿ ಎರಡೇ ವಾಕ್ಯಗಳಿದ್ದವು: ತಂಡದ ಸಭೆಗೆ ಮೂರು ಸಲ ತಡವಾಗಿ ಬಂದದ್ದರಿಂದ ಇವತ್ತು ಅವನು ಆರಂಭದಿಂದ ಆಡುವುದಿಲ್ಲ, ಮುಂದಿನ ಪಂದ್ಯಕ್ಕೆ ಅವನು ಲಭ್ಯ. ಅವನು ಎರಡು ಸಲ ಓದಿ, ಮಡಿಸಿ, ಮೇಜಿನ ಮೇಲಿಟ್ಟು ಹೋದ. ಪತ್ರಕರ್ತರು ಅದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಕೇಳಿದರು. ಅವನ ಮನೋಭಾವ ಹೇಗಿದೆ, ನಿಮ್ಮ ಸಂಬಂಧ ಹಳಸಿದೆಯೇ, ಅವನನ್ನು ಮಾರುತ್ತೀರಾ. ಪ್ರತಿಯೊಂದಕ್ಕೂ ಅವೇ ಎರಡು ವಾಕ್ಯಗಳನ್ನು ಒಂದು ಗುಣವಾಚಕವನ್ನೂ ಸೇರಿಸದೆ ಓದಿದೆ. ಎರಡನೇ ವಾಕ್ಯವೇ ಈ ವಿಧಾನದ ಜೀವ. ಬಯರ್ನ್ ವಿರುದ್ಧದ ಆ ರಾತ್ರಿ ಸಿಟಿಯ ಮ್ಯಾನೇಜರ್ ರಾಬರ್ಟೊ ಮಾನ್ಚಿನಿ ಅವರು ಟೆವೆಜ್ ಇನ್ನೆಂದೂ ತನ್ನ ಕೈಕೆಳಗೆ ಆಡುವುದಿಲ್ಲ ಎಂದುಬಿಟ್ಟಿದ್ದರು. ಆದರೆ 2012ರ ಮಾರ್ಚ್‌ನಲ್ಲಿ ಚೆಲ್ಸಿಯ ಎದುರು ಅವನನ್ನೇ ಇಳಿಸಬೇಕಾಯಿತು, ನಸ್ರಿಯ ಗೆಲುವಿನ ಗೋಲಿಗೆ ಪಾಸ್ ಕೊಟ್ಟವನೂ ಅವನೇ, ಆ ಋತುವಿನ ಪ್ರಶಸ್ತಿಯೂ ಬಂತು. ಅವರಿಗೆ ಪ್ರಶಸ್ತಿ ಬಂದದ್ದರಿಂದ ಮಾತು ಮರೆತುಹೋಯಿತು. ನಮ್ಮಂಥವರ ಮಾತನ್ನು ಯಾರೂ ಮರೆಯುವುದಿಲ್ಲ.

ಪಂದ್ಯ 0–1ರಿಂದ ಸೋತೆವು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಪ್ರೇಕ್ಷಕರು ಅವನ ಹೆಸರು ಕೂಗುತ್ತಿದ್ದರು. ಅವನನ್ನು ಬದಲಿಯಾಗಿ ಇಳಿಸಲು ನನ್ನ ನಿಯಮದಲ್ಲಿ ಅಡ್ಡಿಯಿರಲಿಲ್ಲ, ಇಳಿಸಿದೆ, ಅವನು ನಡೆದಾಡಿದ. ಅಂದು ರಾತ್ರಿ ಬಂದ ಕರೆಗಳಲ್ಲಿ ನನ್ನ ಪರವಾಗಿದ್ದದ್ದು ಒಂದೋ ಎರಡೋ. ಆದರೂ ಮುಂದಿನ ಪಂದ್ಯದ ಪಟ್ಟಿಯಲ್ಲಿ ಅವನ ಹೆಸರನ್ನು ಮೊದಲಿನ ಜಾಗದಲ್ಲೇ ಬರೆದೆ, ಏಕೆಂದರೆ ಶಿಕ್ಷೆ ಮುಗಿದಿತ್ತು. ಇಲ್ಲಿ ನನಗೆ ದಾರಿ ತೋರಿದ್ದು 2019ರ ಕೆಪಾ ಪ್ರಕರಣ. ಲೀಗ್ ಕಪ್ ಫೈನಲ್‌ನಲ್ಲಿ ಮೈದಾನ ಬಿಟ್ಟು ಬರಲು ಒಪ್ಪದ ಗೋಲ್‌ಕೀಪರ್‌ಗೆ ಚೆಲ್ಸಿ ಒಂದು ವಾರದ ಸಂಬಳದ ದಂಡ ಹಾಕಿತು, ಮ್ಯಾನೇಜರ್ ಮೌರಿಜಿಯೊ ಸಾರಿ ಅವರು ಟಾಟನ್‌ಹ್ಯಾಮ್ ವಿರುದ್ಧದ ಮುಂದಿನ ಪಂದ್ಯದಿಂದ ಕೈಬಿಟ್ಟರು, ಅದರಾಚೆಗಿನ ಪಂದ್ಯಕ್ಕೆ ಮರಳಿ ತೆಗೆದುಕೊಂಡರು. ಜಗತ್ತೇ ನೋಡಿದ ಅವಿಧೇಯತೆಗೆ ಒಂದು ಪಂದ್ಯ ಸಾಕಾಗಿತ್ತು.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅವನ ಒಪ್ಪಂದದಲ್ಲಿ ಆರಂಭದಿಂದ ಆಡಿದ ಪ್ರತಿ ಪಂದ್ಯಕ್ಕೂ ಪ್ರತ್ಯೇಕ ಭತ್ಯೆಯಿತ್ತು, ಬೆಂಚಿನಿಂದ ಬಂದರೆ ಅದರ ಮೂರನೇ ಒಂದು ಭಾಗ ಮಾತ್ರ. ಒಂದು ಪಂದ್ಯ ಹೊರಗುಳಿದದ್ದಕ್ಕೆ ಅವನು ಕಳೆದುಕೊಂಡದ್ದು ನಾವು ಹಿಂದೆ ಹಾಕಿದ್ದ ಅತಿದೊಡ್ಡ ದಂಡಕ್ಕಿಂತ ಹೆಚ್ಚು, ಮತ್ತು ತಂಡದ ಆಯ್ಕೆ ಮ್ಯಾನೇಜರನ ಹಕ್ಕಾದ್ದರಿಂದ ಯಾವ ವಕೀಲರೂ ಪತ್ರ ಬರೆಯುವಂತಿರಲಿಲ್ಲ. ಏಜೆಂಟರು ಬೇರೆ ದಾರಿ ಹಿಡಿದರು: ಹೀಗೆ ಹೆಸರು ಕೆಡಿಸಿದರೆ ವರ್ಗಾವಣೆ ಬೆಲೆ ಮೂರನೇ ಒಂದರಷ್ಟು ಬೀಳುತ್ತದೆ ಎಂದು ಮಾಲೀಕರಿಗೆ ಹೆದರಿಸಿದರು. ಈ ಭಯ ಪೂರ್ತಿ ಸುಳ್ಳಲ್ಲ. 2021ರ ಡಿಸೆಂಬರ್‌ನಲ್ಲಿ ಮ್ಯಾನೇಜರ್ ಮಿಕೆಲ್ ಆರ್ಟೆಟಾ ಅವರು ಒಬಾಮೆಯಾಂಗ್‌ನ ನಾಯಕತ್ವ ಕಿತ್ತುಕೊಂಡ ಮೇಲೆ ಆರ್ಸೆನಲ್ ಅವನ ಒಪ್ಪಂದವನ್ನೇ ಮುಗಿಸಿ ಬಾರ್ಸಿಲೋನಾಕ್ಕೆ ಬಿಡಿಗಾಸೂ ಪಡೆಯದೆ ಬಿಟ್ಟುಕೊಟ್ಟಿತು. ನನ್ನ ಉತ್ತರ ಇಷ್ಟೇ ಆಗಿತ್ತು: ತಡವಾಗಿ ಬಂದ ಎಂಬುದು ಆಟಗಾರನ ಬೆಲೆ ಇಳಿಸುವುದಿಲ್ಲ, ಮ್ಯಾನೇಜರನೊಂದಿಗೆ ಕಾದಾಟಕ್ಕಿಳಿದಿದ್ದಾನೆ ಎಂಬುದು ಇಳಿಸುತ್ತದೆ, ಆದ್ದರಿಂದಲೇ ನಾನು ಕಾದಾಡುತ್ತಿಲ್ಲ. ಋತುವಿನ ಕೊನೆಯಲ್ಲಿ ಅವನನ್ನು ಕೊಳ್ಳಲು ಬಂದ ಕೋರಿಕೆಯ ಮೊತ್ತ ಹಿಂದಿನ ವರ್ಷದ್ದಕ್ಕಿಂತ ತುಸು ಹೆಚ್ಚೇ ಇತ್ತು.

ಅವನ ತಡದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಿತ್ತು, ಸುಮಾರು ಎರಡು ತಿಂಗಳಲ್ಲಿ ಮತ್ತೊಮ್ಮೆ ಮೂರು ತುಂಬಿತು. ಈ ಸಲ ಎದುರಿಗಿದ್ದವರು ಪಕ್ಕದ ಎದುರಾಳಿಗಳು. ಅವೇ ಎರಡು ವಾಕ್ಯಗಳನ್ನು ಓದಿದಾಗ ಪತ್ರಕರ್ತರ ಕೋಣೆಯಲ್ಲಿ ಯಾರೋ ನಕ್ಕರು. 2–1ರಿಂದ ಗೆದ್ದೆವು. ಬದಲಿ ಹುಡುಗ ಗೋಲು ಹೊಡೆಯಲಿಲ್ಲ, ಆದರೆ ಎರಡೂ ಗೋಲುಗಳು ಅವನು ಗೋಲ್‌ಕೀಪರ್ ಮೇಲೆ ನುಗ್ಗಿ ಕಸಿದ ಚೆಂಡಿನಿಂದಲೇ ಆರಂಭವಾದವು. ಅರವತ್ತೈದನೇ ನಿಮಿಷಕ್ಕೆ ಇಳಿದ ತಾರೆ ಆ ದಿನ ಓಡಿದ. ಸೋಮವಾರದ ಸಭೆಗೆ ಒಂಬತ್ತು ಇಪ್ಪತ್ತಕ್ಕೇ ಬಂದು, ಗಡಿಯಾರದ ಪಕ್ಕದ ಹಾಳೆಯನ್ನು ನೋಡಿ, ಕಿಟ್ಟಿನವರು ಇನ್ನೂ ಸಹಿ ಮಾಡಿಲ್ಲವೆಂದು ದೂರು ಹೇಳಿದ. ಆಮೇಲೆ ಋತು ಮುಗಿಯುವವರೆಗೆ ಅವನು ತಡವಾದದ್ದು ಒಮ್ಮೆಯೋ ಏನೋ. ಎಂಟನೇ ಸ್ಥಾನದ ಆಸುಪಾಸಿನಲ್ಲಿದ್ದ ನಾವು ಮೂರನೆಯವರಾಗಿ ಮುಗಿಸಿದೆವು, ಋತುವಿನ ಎರಡನೇ ಅರ್ಧದಲ್ಲಿ ಅವನ ಗೋಲುಗಳು ಮೊದಲರ್ಧಕ್ಕಿಂತ ಜಾಸ್ತಿ. ಉಳಿದವರ ತಡವೂ ತಾನಾಗಿ ನಿಂತಿತು, ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಅವನು ಮರಳಿದ ವಾರ ಒಬ್ಬನೇ ಇದ್ದಾಗ ಅವನಿಗೆ ಏನು ಹೇಳಿದೆ ಎಂದು ಸಹಾಯಕ ಕೋಚ್ ಇಂದಿಗೂ ಕೇಳುತ್ತಾರೆ. ಅದೂ ನನ್ನಲ್ಲೇ ಇರಲಿ.

ರಾಷ್ಟ್ರೀಯ ತಂಡದವರಿಗೆ ಈ ಕ್ರಮ ಹೀಗೆಯೇ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಮುಂದಿನ ಪಂದ್ಯ ಎಂಬುದೇ ಇರದಿರಬಹುದು. 2018ರ ವಿಶ್ವಕಪ್‌ನಲ್ಲಿ ಬದಲಿಯಾಗಿ ಇಳಿಯಲು ಒಪ್ಪದ ಕಾಲಿನಿಚ್‌ನನ್ನು ಕೋಚ್ ಜ್ಲಾಟ್ಕೊ ಡಾಲಿಚ್ ಅವರು ಮನೆಗೆ ಕಳಿಸಿದರು, ಕ್ರೊಯೇಷಿಯಾ ಇಪ್ಪತ್ತೆರಡು ಜನರಲ್ಲೇ ಫೈನಲ್ ತಲುಪಿತು. 2010ರಲ್ಲಿ ಅನೆಲ್ಕಾನನ್ನು ಫ್ರಾನ್ಸ್ ಮನೆಗೆ ಕಳಿಸಿದಾಗ ತಂಡವೇ ಅಭ್ಯಾಸ ಬಿಟ್ಟು ಬಸ್ಸು ಹತ್ತಿತು, ಆಟಗಾರರ ಹೇಳಿಕೆಯನ್ನು ಕೋಚ್ ರೇಮಂಡ್ ಡೊಮೆನೆಕ್ ಅವರೇ ಓದಬೇಕಾಯಿತು. ಎರಡರ ನಡುವಿನ ವ್ಯತ್ಯಾಸ ಉಳಿದ ಆಟಗಾರರು ಯಾರ ಕಡೆಗಿದ್ದರು ಎಂಬುದರಲ್ಲಿತ್ತು ಎಂದು ನನ್ನ ತೀರ್ಮಾನ. ಹಿಂದಿನ ರಾತ್ರಿಯೇ ನಾಯಕನೊಂದಿಗೆ ಮಾತಾಡಿದ್ದು ಅದಕ್ಕಾಗಿಯೇ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿರುವ ಆಟಗಾರನ ಮೇಲೂ ಇದನ್ನು ಪ್ರಯೋಗಿಸಬೇಡಿ, ಅವನಿಗೆ ಕಳೆದುಕೊಳ್ಳಲು ಭತ್ಯೆಯೊಂದೇ ಇರುತ್ತದೆ. ನಮ್ಮವನ ಹೊಸ ಒಪ್ಪಂದದಲ್ಲಿ ಏಜೆಂಟರು ಬೆಂಚಿನ ಭತ್ಯೆಯನ್ನು ಪೂರ್ತಿ ಮಾಡಿಸಿಕೊಳ್ಳಲು ಪಟ್ಟುಹಿಡಿದಿದ್ದರು, ಅರ್ಧಕ್ಕೆ ಒಪ್ಪಿದ್ದೇವೆ.