ಹಳೆ ಡೀಸೆಲ್ ಕಾರಿನ ಆಯಿಲ್ ಸೋರಿಕೆ, ಸೈಲೆನ್ಸರ್ ಹೊಗೆ: ನಾನು ಪತ್ತೆ ಹಚ್ಚುವ ಕ್ರಮ

ಹಳೆ ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಜಿನುಗುವುದು, ಸೈಲೆನ್ಸರ್ ನೀಲಿ ಹೊಗೆ ಉಗುಳುವುದು ಬೇರೆ ಬೇರೆ ರೋಗ ಎಂದು ನಾನು ಮೊದಲೇ ತೀರ್ಮಾನಿಸುವುದಿಲ್ಲ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿಕೊಂಡರೆ ಅಥವಾ ಪಿಸ್ಟನ್ ಸುತ್ತಲಿನ ರಿಂಗ್ ಸವೆದರೆ ಕ್ರ್ಯಾಂಕ್‌ಕೇಸ್ (ಎಂಜಿನ್ ಕೆಳಭಾಗದ ಕೋಣೆ) ಒಳಗಿನ ಒತ್ತಡ ಏರುತ್ತದೆ. ಆ ಒತ್ತಡ ದುರ್ಬಲವಾದ ಸೀಲ್ ಎಲ್ಲಿದೆಯೋ ಅಲ್ಲಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಬ್ರೀದರ್ ಪೈಪಿನ ಮೂಲಕ ಇನ್‌ಟೇಕ್‌ಗೂ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಸಾಗಿಸಿ ಸುಡಿಸುತ್ತದೆ, ಅದೇ ನೀಲಿ ಹೊಗೆ. ಇದನ್ನು ನೋಡದೆ ಹೊಸ ಸೀಲ್ ಕೂರಿಸಿದರೆ ಕೆಲವೇ ದಿನಗಳಲ್ಲಿ ಅದೂ ಸೋರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಬ್ರೀದರ್‌ನದು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿಯ ಮೇಲಿಡುತ್ತೇನೆ. ಮುಚ್ಚಳ ಕುಣಿದರೆ, ತುಸು ಆವಿ ಬಂದರೆ ಚಿಂತೆಯಿಲ್ಲ. ಹಾರಿ ಬೀಳುವಂತಿದ್ದರೆ, ಉಗಿಬಂಡಿಯ ಹಾಗೆ ಬುಸುಗುಟ್ಟಿದರೆ ಮುಂದೆ ನೋಡಬೇಕು. ನಂಬಿಕಸ್ಥ ವಿಧಾನ ಬೇರೆಯಿದೆ. ಹಳೆಯ ಮುಚ್ಚಳವೊಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ, ಪಾರದರ್ಶಕ ಪೈಪನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿ ಜೋಡಿಸಬೇಕು. ಬ್ರೀದರ್ ಸರಿಯಿದ್ದರೆ ನೀರು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿರುತ್ತದೆ, ಇಲ್ಲವೇ ಎಂಜಿನ್ ಕಡೆಗೆ ಸ್ವಲ್ಪ ಎಳೆದಿರುತ್ತದೆ. ಹೊರಗಿನ ಕಡೆಗೆ ಹಲವು ಸೆಂಟಿಮೀಟರ್ ಏರಿದರೆ ಒಳಗೆ ಒತ್ತಡವಿದೆ. ಡಿಪ್‌ಸ್ಟಿಕ್ ಕೊಳವೆಗೂ ಪೈಪ್ ಸಿಕ್ಕಿಸಬಹುದು, ಆದರೆ ಕೆಲವು ಎಂಜಿನ್‌ಗಳಲ್ಲಿ ಅದರ ಕೆಳತುದಿ ಆಯಿಲಿನಲ್ಲಿ ಮುಳುಗಿರುತ್ತದೆ. ಅಲ್ಲಿ ಲೆಕ್ಕ ತಪ್ಪುತ್ತದೆ.

ಒತ್ತಡ ಕಂಡಾಗ ಬ್ರೀದರ್ ಪೈಪನ್ನು ಎಂಜಿನ್ ಬದಿಯಲ್ಲೇ ಕಳಚಿ ನೋಡಿ. ನೀರು ಕೂಡಲೇ ಸಮಕ್ಕೆ ಬಂದರೆ ಪೈಪ್ ಅಥವಾ ಬ್ರೀದರ್ ವಾಲ್ವ್ ಕಟ್ಟಿದೆ, ಅಗ್ಗದಲ್ಲಿ ಮುಗಿಯಿತು. ಬಿಚ್ಚಿದ ಬಾಯಿಂದ ದಟ್ಟ ಹೊಗೆ ಬಂದರೆ ಗ್ಯಾಸ್ ರಿಂಗ್ ದಾಟಿ ಇಳಿಯುತ್ತಿದೆ. ಆದರೂ ಎಂಜಿನ್ ಇಳಿಸುವ ಮಾತು ಈಗಲೇ ಬೇಡ. ಸವೆದ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಸಹ ತನ್ನ ಡ್ರೈನ್ ಪೈಪಿನ ಮೂಲಕ ಕ್ರ್ಯಾಂಕ್‌ಕೇಸಿಗೆ ಗಾಳಿ ತುಂಬಬಲ್ಲದು.

ಸೋರಿಕೆ ಹುಡುಕಲು ಎಂಜಿನ್ ತೊಳೆಯಲೇಬೇಕು. ವರ್ಷಗಳ ಆಯಿಲು-ಧೂಳು ಮೆತ್ತಿದ ಎಂಜಿನ್ ನೋಡಿ ಜಾಗ ಹೇಳುವುದು ಊಹೆಯೇ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ತಣ್ಣಗಿನ ಎಂಜಿನ್‌ಗೆ ಡಿಗ್ರೀಸರ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿ 20–30 ಕಿ.ಮೀ. ಓಡಿಸಬೇಕು. ಬಳಿಕ ಟಾರ್ಚು, ಚಿಕ್ಕ ಕನ್ನಡಿ ಹಿಡಿದು ಹುಡುಕಬೇಕು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹನಿ ಬೀಳುವ ಜಾಗಕ್ಕಲ್ಲ, ಒದ್ದೆಯಾದುದರಲ್ಲಿ ಅತಿ ಮೇಲಿನ, ಅತಿ ಮುಂದಿನ ಜಾಗಕ್ಕೆ ಬೆಲೆ. ಅಲ್ಲೂ ಗೊಂದಲವಿದ್ದರೆ ಆಯಿಲಿಗೆ ಯುವಿ ಡೈ ಸೇರಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಾಯಿಸಿದರೆ ಸೋರುವ ಗೆರೆ ಹಳದಿ-ಹಸಿರಾಗಿ ಹೊಳೆಯುತ್ತದೆ.

ಅತಿ ಹೆಚ್ಚು ಮೋಸ ಆಗುವುದು ಬೆಲ್ ಹೌಸಿಂಗ್ (ಎಂಜಿನ್, ಗೇರ್ ಬಾಕ್ಸ್ ಕೂಡುವಲ್ಲಿನ ಕವಚ) ಕೆಳಗಿನ ಹನಿಯಲ್ಲಿ. ಎಲ್ಲರೂ ಕ್ರ್ಯಾಂಕ್ ಹಿಂದಿನ ಸೀಲ್ ಎನ್ನುತ್ತಾರೆ, ಗೇರ್ ಬಾಕ್ಸ್ ಇಳಿಸುತ್ತಾರೆ. ಎಂಜಿನ್ ಮೇಲ್ತುದಿಯ ಮುಚ್ಚಳವಾದ ಟ್ಯಾಪೆಟ್ ಕವರ್ ಪ್ಯಾಕಿಂಗಿನ ಹಿಂಮೂಲೆ, ಹೆಡ್ ತುದಿಯ ವ್ಯಾಕ್ಯೂಮ್ ಪಂಪ್ ಇವು ಸೋರಿದರೂ ಆಯಿಲ್ ಅಲ್ಲಿಗೇ ಬಂದು ಸೇರುತ್ತದೆ. ಹನಿಯನ್ನು ಬೆರಳಿಗೆ ತೆಗೆದು ಮೂಸಬೇಕು: ಗಂಧಕದ ಕಮಟು ಇದ್ದರೆ ಗೇರ್ ಆಯಿಲ್, ತೆಳುವಾಗಿ ಡೀಸೆಲ್ ವಾಸನೆ ಬಂದರೆ ನಾಝಲ್ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್) ರಿಟರ್ನ್ ಪೈಪ್. ಆಯಿಲ್ ಫಿಲ್ಟರ್ ಹೌಸಿಂಗ್ ಮತ್ತು ಆಯಿಲ್ ಕೂಲರ್‌ನ ಓ-ರಿಂಗ್ ಗಟ್ಟಿಯಾಗಿ ಸೋರುವುದು, ಪ್ರೆಶರ್ ಸ್ವಿಚ್ ತನ್ನ ಕನೆಕ್ಟರ್ ಒಳಗಿಂದಲೇ ಜಿನುಗುವುದು ಹಳೆ ಕಾರುಗಳಲ್ಲಿ ಮಾಮೂಲು. ಟ್ಯಾಪೆಟ್ ಕವರಿನ ಸಣ್ಣ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಬಿಗಿದಷ್ಟೂ ಕವರ್ ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ಸೀಲಂಟ್ ಮೆತ್ತುವ ಚಟವೂ ಕೆಟ್ಟದ್ದು: ಒಳಗೆ ಉಕ್ಕಿದ್ದು ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ.

ಹೊಗೆಯ ಬಣ್ಣ ಎಲ್ಲರೂ ನೋಡುತ್ತಾರೆ, ಅದು ಯಾವಾಗ ಬರುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ಎಳೆತದಲ್ಲಿ ಕಪ್ಪು ಹೊಗೆ ಬಂದು ಪಿಕಪ್ ಸತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್, ಮಸಿ ಕಟ್ಟಿ ತೆರೆದೇ ಉಳಿದ ಇಜಿಆರ್ ವಾಲ್ವ್ (ಒಂದಷ್ಟು ಹೊಗೆಯನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ), ಈ ಕ್ರಮದಲ್ಲಿ ನೋಡಿ ಆಮೇಲೆ ನಾಝಲ್ ತೆಗೆಯಿರಿ. ಹೋಸಿನ ಸೀಳು ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಬಂದಾಗಷ್ಟೇ ಬಾಯಿ ತೆರೆಯುತ್ತದೆ, ನಿಂತ ಕಾರಿನಲ್ಲಿ ಕಾಣದು. ಕೈಯಲ್ಲಿ ಹಿಂಡಿ, ಕೆಳಮೈ ತಡವಿ ನೋಡಬೇಕು.

ಬೆಳಗಿನ ಮೊದಲ ಸ್ಟಾರ್ಟಿಗೆ ಕಣ್ಣುರಿಸುವ ಬಿಳಿ ಹೊಗೆ, ಜೊತೆಗೆ ಎಂಜಿನ್ ಕುಂಟುವುದು: ಇದು ಉರಿಯದ ಡೀಸೆಲ್. ತಣ್ಣಗಿನ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ಗಳ ವೈರ್ ಬಿಚ್ಚಿ ಮೀಟರ್ ಹಿಡಿದರೆ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ 2 ಓಮ್ ಒಳಗೇ ತೋರಿಸುತ್ತದೆ, ಸುಟ್ಟದ್ದು ಅನಂತ ತೋರಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು, ಸಿಹಿ ವಾಸನೆಯಿದ್ದು, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಇಜಿಆರ್ ಕೂಲರ್.

ನೀಲಿ ಹೊಗೆಗೆ ಬಂದರೆ, ಬಹಳ ಹೊತ್ತು ಐಡ್ಲಿಂಗ್ ಮಾಡಿ ರೇಸ್ ಕೊಟ್ಟಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್ ಅಥವಾ ಟರ್ಬೊ. ಎಳೆತದಲ್ಲಿ ಬಿಡದೆ ಬಂದರೆ ರಿಂಗ್. ಖಚಿತಪಡಿಸಲು ಗ್ಲೋ ಪ್ಲಗ್ ರಂಧ್ರದಿಂದ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ) ನೋಡುತ್ತೇನೆ. ಒಳ್ಳೆಯ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 25–30 ಬಾರ್ ಕೊಡುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ, 5 ಬಾರ್ ದಾಟಿದರೆ ಆ ಸಿಲಿಂಡರ್ ರೋಗಿ. ಪೆಟ್ರೋಲ್ ಎಂಜಿನ್‌ನಂತೆ ಆಯಿಲ್ ಹನಿಸಿ ಮತ್ತೆ ಅಳೆಯುವುದು ಇಲ್ಲಿ ಬೇಡ: ಪಿಸ್ಟನ್ ಮೇಲಿನ ಜಾಗ ತೀರಾ ಚಿಕ್ಕದು, ಆಯಿಲ್ ಆ ಜಾಗ ತುಂಬಿಯೇ ಅಂಕಿ ಏರಿಸುತ್ತದೆ, ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬದಲಿಗೆ ಸಿಲಿಂಡರಿಗೆ ಗಾಳಿ ಹಾಯಿಸಿ ಕಿವಿಗೊಡಿ. ಆಯಿಲ್ ಬಾಯಲ್ಲಿ ಸದ್ದು ಬಂದರೆ ರಿಂಗ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಕಾಮನ್ ರೈಲ್ (ಎಲ್ಲ ನಾಝಲ್‌ಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ) ಎಂಜಿನ್‌ನಲ್ಲಿ ನಾಝಲ್ ಪೈಪಿನ ನಟ್ಟು ಸಡಿಲಿಸಿ ನೋಡುವ ಹಳೆ ಪದ್ಧತಿ ಕೂಡದು. ಸಾವಿರ ಬಾರ್ ದಾಟಿದ ಡೀಸೆಲ್ ಧಾರೆ ಚರ್ಮದೊಳಕ್ಕೆ ನುಗ್ಗುತ್ತದೆ.

ಟರ್ಬೊ ನೋಡಲು ಇನ್‌ಟೇಕ್ ಪೈಪ್ ಬಿಚ್ಚಿ. ಒಳಗೆ ತೆಳು ಆಯಿಲ್ ಪದರ ಸಹಜ, ಮಡುಗಟ್ಟಿದ್ದರೆ ಅಲ್ಲ. ಶಾಫ್ಟ್ ಅಡ್ಡಕ್ಕೆ ಕೊಂಚ ಆಡಬಹುದು, ರೆಕ್ಕೆ ಗೋಡೆಗೆ ತಾಗಬಾರದು, ಹಿಂದೆ-ಮುಂದೆ ಕೈಗೆ ಗೊತ್ತಾಗುವಷ್ಟು ಆಟವೂ ಇರಬಾರದು. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲನ್ನು ಬಸಿಯದೆ ಸ್ಟಾರ್ಟ್ ಮಾಡಬೇಡಿ, ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ತಾನಾಗಿ ರೇಸ್ ಏರಬಹುದು. ಆಗ ಕೀ ತೆಗೆದರೂ ನಿಲ್ಲದು. ಮ್ಯಾನುವಲ್ ಗೇರಿನ ಕಾರಾದರೆ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಉಸಿರುಗಟ್ಟಿಸಿ ನಿಲ್ಲಿಸಬೇಕು. ಇನ್‌ಟೇಕ್ ಬಾಯಿ ಮುಚ್ಚುವುದಾದರೆ ಹಲಗೆಯಂಥ ಗಟ್ಟಿ ವಸ್ತು ಬಳಸಿ, ಕೈಯನ್ನಲ್ಲ. ಬಟ್ಟೆಯೂ ಬೇಡ, ಒಳಕ್ಕೆ ಎಳೆದುಕೊಂಡುಬಿಡುತ್ತದೆ.