ಹಳೇ ಟೈಲ್ಸ್ ಒಡೆಯದೆ ಹೊಸದು ಕೂರಿಸಿದ್ದು

ಮುಂಬೈ ಹತ್ತಿರದ ಡೊಂಬಿವಲಿಯ ಹಳೇ ಬಿಲ್ಡಿಂಗು. 4ನೇ ಮಹಡಿ, ಲಿಫ್ಟ್ ಇಲ್ಲ. 4 ಬೈ 6 ಅಡಿಯ ಬಾತ್‌ರೂಮ್. ಒಡೆದಿದ್ದರೆ 15–20 ಗೋಣಿ ಡೆಬ್ರಿ ಹೊತ್ತು ಇಳಿಸಬೇಕಿತ್ತು. ಮೇಲೆ ಹೊಸ ವಾಟರ್‌ಪ್ರೂಫಿಂಗ್ ಬೇರೆ. ಕೆಳಗಿನ ಮನೆ ಛಾವಣಿ ನೋಡಿ ಬಂದೆ, ಒಣಗಿತ್ತು. ಅಲ್ಲಿ ಪಸೆ ಇದ್ದಿದ್ದರೆ ಸುಮ್ನೆ ಒಡೆಯುತ್ತಿದ್ದೆ. "ಹಳೇದರ ಮ್ಯಾಲೇ ಕೂರಿಸ್ತೀನಿ ವೈನಿ" ಅಂದೆ ಮನೆಯಾಕೆಗೆ.

ನನಗೆ ಟೈಲ್ಸ್ ಕೆಲಸ ಕಲಿಸಿದ ಕಾಕಾ ನಕ್ಕರು. "ಗಾಜಿನ ಮ್ಯಾಲೆ ರೊಟ್ಟಿ ಬಡದಂಗ ಆಗ್ತದ. ಆರು ತಿಂಗಳಿಗೆ ಎದ್ದು ಬರ್ತದ ನೋಡು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದೊಮ್ಮೆ ಕಳವಾ ಊರಿನ ಒಂದು ಮನೆಯಲ್ಲಿ ಹಳೇದರ ಮೇಲೆ ಸಿಮೆಂಟ್ ಸ್ಲರಿ ಹಾಕಿಯೇ ಕೂರಿಸಿದ್ದೆ. ಟೈಲ್ಸ್ ಮೇಲಿನ ಹೊಳಪಿನ ಪದರ, ಗ್ಲೇಜ್, ನೀರು ಹೀರಲ್ಲ, ಸಿಮೆಂಟಿಗೆ ಹಿಡಿತ ಎಲ್ಲಿಂದ ಬರಬೇಕು? 4 ತಿಂಗಳಿಗೆ ಎಲ್ಲ ಟೊಳ್ಳು. ಕೈಯಿಂದ ಸುಮಾರು 9 ಸಾವಿರ ಹೋಯಿತು. ಎರಡನೇ ಸಲ ಟೈಲ್ಸ್ ಅಂಟಿಸುವ ಅಡ್ಹೆಸಿವ್ ತಂದೆ, ಅದೂ ಕೆಟ್ಟಿತು. ನಮ್ಮ ಹುಡುಗ ಸಿಮೆಂಟಿನ ರೂಢಿಯಂತೆ ಟೈಲ್ಸನ್ನು ರಾತ್ರಿಯೇ ನೀರಿಗೆ ಹಾಕಿದ್ದ, ಅಡ್ಹೆಸಿವ್‌ಗೆ ಒಣ ಟೈಲ್ಸೇ ಬೇಕು. ನಾನೋ ಮೇ ತಿಂಗಳ ಸೆಕೆಯಲ್ಲಿ ಇಡೀ ನೆಲಕ್ಕೆ ಒಂದೇ ಸಲ ಬಳಿದುಬಿಟ್ಟೆ. ಅರ್ಧ ಕೂರಿಸುವಷ್ಟರಲ್ಲಿ ಉಳಿದದ್ದಕ್ಕೆ ಹಾಲಿನ ಕೆನೆಯಂತೆ ಪದರ ಕಟ್ಟಿತ್ತು.

ಆಮೇಲೆ ನಾವಿರುವ ಸಾಲುಮನೆ ಚಾಳಿನ ಗ್ಯಾಲರಿಯಲ್ಲೇ ಒಂದು ಆಟ ಆಡಿದೆ. ಮೂರು ಹಳೇ ಟೈಲ್ಸ್ ಮೇಲೆ ಮೂರು ತುಂಡು ಅಂಟಿಸಿದೆ: ಒಂದಕ್ಕೆ ಸಿಮೆಂಟ್, ಒಂದಕ್ಕೆ ಸಾದಾ ಅಡ್ಹೆಸಿವ್, ಒಂದಕ್ಕೆ ಪಾಲಿಮರ್ ಇರುವ ದುಬಾರಿಯದ್ದು. ವಾರ ಬಿಟ್ಟು 15 ದಿನ ಬಕೆಟ್ ನೀರಲ್ಲಿಟ್ಟೆ. ಸಿಮೆಂಟಿನದು ಉಗುರಿಗೇ ಬಂತು. ಸಾದಾ ಒಂದೇ ಏಟಿಗೆ ಬಿತ್ತು. ಮೂರನೆಯದಕ್ಕೆ ಸುತ್ತಿಗೆ ಬೀಸಿದರೆ ಟೈಲ್ಸೇ ಒಡೆಯಿತು, ಅಂಟು ಬಿಡಲಿಲ್ಲ. ಹೆಂಡತಿಯಿಂದ ಬಕೆಟ್‌ಗಾಗಿ ಬೈಸಿಕೊಂಡಿದ್ದು ಬೇರೆ ಲೆಕ್ಕ.

ಡೊಂಬಿವಲಿಯಲ್ಲಿ ಮೊದಲು ನಾಣ್ಯದಿಂದ ಬಡಿದು ನೋಡಿದೆ. ಟೊಳ್ಳಿದ್ದ 3 ಟೈಲ್ಸ್ ಕಿತ್ತು ಗುಂಡಿ ತುಂಬಿದೆ. ಸೋಪಿನ ಜಿಡ್ಡು ತಿಕ್ಕಿ ತೆಗೆದು, ಗ್ರೈಂಡರ್‌ನಿಂದ ಗ್ಲೇಜ್ ಗೀಚಿದೆ. ಆ ಧೂಳು ಪೂರಾ ಹೋಗಬೇಕು, ಇಲ್ಲಿ ಸೋಮಾರಿತನ ನಡೆಯಲ್ಲ. ಆಮೇಲೆ ಒಂದು ತೆಳು ಪಾಕ ಬಳಿಯುತ್ತೇನೆ. ಅದರ ಪ್ರಮಾಣ ನನ್ನ ಹತ್ತಿರವೇ ಇರಲಿ. ಒಂದು ಸಲಕ್ಕೆ 4 ಟೈಲ್ಸ್‌ಗೆ ಆಗುವಷ್ಟೇ ಅಡ್ಹೆಸಿವ್ ಎಳೆದೆ. ಒಂದು ಟೈಲ್ಸ್ ಕೂರಿಸಿ ಮತ್ತೆ ಎತ್ತಿ ಬೆನ್ನು ನೋಡಿದೆ. ಮೂಲೆ ಮೂಲೆಗೂ ಮೆತ್ತಿತ್ತು.

ತಲೆ ತಿಂದಿದ್ದು ಎತ್ತರ. ನೆಲ ಅರ್ಧ ಇಂಚು ಏರಿತು. ನೆಲದ ನೀರು ಹೋಗುವ ನಹಾನಿ ಟ್ರ್ಯಾಪಿನ ಜಾಲಿ ಎತ್ತಬೇಕಾಯಿತು, ಬಾಗಿಲಿನ ಅಡಿ ಕೊಯ್ಯಿಸಬೇಕಾಯಿತು. ಕಾರ್ಪೆಂಟರ್ 400 ತಗೊಂಡ. ಅದನ್ನು ಕೊಟೇಶನ್‌ನಲ್ಲಿ ಬರೆಯಲು ಮರೆತಿದ್ದೆ. ಟೈಲ್ಸ್ ಸಂದಿಗೆ ನೀರು ಹೀರದ ಎಪಾಕ್ಸಿ ಗ್ರೌಟ್ ತುಂಬಿದೆ. ಮಗ್ಗಿನಿಂದ ನೀರು ಸುರಿದರೆ ಎಲ್ಲೂ ನಿಲ್ಲದೆ ಜಾಲಿಗೆ ಓಡಿತು. ಸಾಮಾನು, ಮಜೂರಿ ಎಲ್ಲ ಸೇರಿ 11 ಸಾವಿರದ ಆಸುಪಾಸು. ಒಡೆದಿದ್ದರೆ ಇದರ ಎರಡರಷ್ಟಾಗುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ ಕಾಕಾನನ್ನು ಕರೆದುಕೊಂಡು ಹೋದೆ. ಕೂತು, ನಾಣ್ಯ ತೆಗೆದು, ಮೂಲೆಯಿಂದ ಮೂಲೆಗೆ ಒಂದೊಂದೇ ಟೈಲ್ಸ್ ಬಡಿದರು. ಕೈ ಒರೆಸಿಕೊಂಡು, "ಪಾಕದಾಗ ಏನ್ ಹಾಕ್ತಿ?" ಅಂದರು.

ಚಹಾ ಕುಡಿಸಿ ಕಳಿಸಿದೆ.