ಬಸಿಗಾಲುವೆ ಮುಚ್ಚಿ ರಾಂಪತ್ರೆ ಜಡ್ಡಿಯನ್ನು ಮರಳಿ ಪಡೆದ ಬಗೆ

ನಮ್ಮ ತೋಟದ ಕೆಳಗಿನ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ಈಗ ಜಾಯಿಕಾಯಿ ಬಳಗದ ಸುಮಾರು 270 ರಾಂಪತ್ರೆ ಮತ್ತು ಪಿಂಡಿಕಾಯಿ ಗಿಡಗಳು ಆಳೆತ್ತರ ದಾಟಿ ನಿಂತಿವೆ. ಒಂಬತ್ತು ಮಳೆಗಾಲಗಳ ಹಿಂದೆ ಕೆಲಸ ಆರಂಭಿಸಿದಾಗ, ಜಡ್ಡಿಯ ಮರಗಳು ತಾವಾಗಿ ಹುಟ್ಟಿದರೆ ಉಂಟು, ನೆಟ್ಟರೆ ಬದುಕುವುದಿಲ್ಲವೆಂದು ಊರಿನ ಹಿರಿಯರೂ ಸಸ್ಯಪಾಲನೆ ಮಾಡುವ ಗೆಳೆಯರೂ ಒಂದೇ ಮಾತು ಹೇಳಿದ್ದರು. ಮೊದಲ ನಾಲ್ಕು ವರ್ಷ ಅವರ ಮಾತೇ ನಿಜವಾಗುತ್ತ ಬಂದಿತು.

ಜಾಗ ಅರ್ಧ ಎಕರೆಗಿಂತ ತುಸು ಹೆಚ್ಚು. ಅಡಿಕೆ ಹಾಕುವುದಕ್ಕೆಂದು ನಮ್ಮ ತಂದೆಯವರ ಕಾಲದಲ್ಲಿ ಅದರ ನಡುವೆ ಎದೆಯಾಳದ ಬಸಿಗಾಲುವೆ ತೋಡಿದ್ದರು. ಅಡಿಕೆ ಏಳಲಿಲ್ಲ, ಜಡ್ಡಿಯೂ ಉಳಿಯಲಿಲ್ಲ. ಹಳ್ಳದ ಅಂಚಿನಲ್ಲಿ ನಾಲ್ಕು ಪಿಂಡಿಕಾಯಿ ಮರಗಳು ಮತ್ತು ಎರಡು ರಾಂಪತ್ರೆ ಮರಗಳು ಮಾತ್ರ ಉಳಿದಿದ್ದವು. ಪಿಂಡಿಕಾಯಿ ಮರಗಳ ಮಂಡಿಬೇರುಗಳು, ಅಂದರೆ ಮಡಚಿದ ಮಂಡಿಯಂತೆ ನೆಲದಿಂದ ಮೇಲೇಳುವ ಬೇರುಗಳು, ಒಣನೆಲದಲ್ಲಿ ಬಿರುಕುಬಿಟ್ಟು ನಿಂತಿದ್ದವು.

ಮೊದಲ ವರ್ಷ ಬೀಜವನ್ನು ಕೊಂಡು ತಂದೆ. ಎಂಟು ಸಾವಿರ ರೂಪಾಯಿಯ ಬೀಜದಲ್ಲಿ ಒಂದೂ ಮೊಳೆಯಲಿಲ್ಲ, ಏಕೆಂದರೆ ಮಾರಿದವರು ಬೀಜದ ಮೇಲಿನ ಕೆಂಪು ಹೊದಿಕೆಯಾದ ಪತ್ರೆಯನ್ನು ಬಿಡಿಸಿ ಬಿಸಿಲಿಗೆ ಒಣಗಿಸಿಟ್ಟಿದ್ದರು. ಈ ಕುಲದ ಬೀಜ ಒಣಗಿದರೆ ಸತ್ತಂತೆಯೇ ಎಂಬುದು ಗೊತ್ತಿದ್ದೂ ನಾನು ಚೀಲ ಬಿಚ್ಚಿ ನೋಡದೆ ಹಣ ಕೊಟ್ಟಿದ್ದೆ. ಮರುವರ್ಷ ಹೇಗೋ ಹೊಂದಿಸಿದ 400 ಸಸಿಗಳನ್ನು ಎಲ್ಲರಂತೆ ಜೂನ್ ತಿಂಗಳ ಮೊದಲ ಮಳೆಗೆ ನೆಟ್ಟೆ. ಜುಲೈಯ ಕೆಮ್ಮಣ್ಣಿನ ನೀರು ಅರ್ಧದಷ್ಟನ್ನು ಹೂತುಹಾಕಿತು, ದನಗಳು ಒಂದಿಷ್ಟನ್ನು ತುಳಿದವು, ಉಳಿದವುಗಳಲ್ಲಿ ಹೆಚ್ಚಿನವು ಮಾರ್ಚ್ ಬಿಸಿಲಿಗೆ ಸುಟ್ಟವು. ಮೂವತ್ತರಷ್ಟು ಉಳಿದಿದ್ದವೆಂದು ನೆನಪು.

ಮೂರನೆಯ ತಪ್ಪು ಎಲ್ಲಕ್ಕಿಂತ ದುಬಾರಿಯಾಯಿತು. ಜಡ್ಡಿಗೆ ನೀರು ಬೇಕೆಂದು ಕಾಲುವೆಯ ಬಾಯಿಗೆ ಸಿಮೆಂಟಿನ ಗೋಡೆ ಕಟ್ಟಿಸಿದೆ. 38,000 ರೂಪಾಯಿ ಹೋಯಿತು. ಮೊಣಕಾಲುದ್ದ ನೀರು ನಿಂತಿತು. ನಾಲ್ಕೈದು ತಿಂಗಳ ಬಳಿಕ ಒಂದು ಸಸಿಯನ್ನು ಕಿತ್ತು ನೋಡಿದರೆ ಬೇರು ಇದ್ದಿಲಿನಂತೆ ಕಪ್ಪಾಗಿತ್ತು, ಬೆರಳಿನಿಂದ ಎಳೆದರೆ ಸಿಪ್ಪೆ ಒದ್ದೆ ಕಾಗದದಂತೆ ಜಾರಿ ಬರುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ ಕೈಗೆ ಅಂಟಿಕೊಂಡಿತು. ಆ ವರ್ಷವೇ ನಾಲ್ಕು ಪಿಂಡಿಕಾಯಿ ಮರಗಳಲ್ಲಿ ಒಂದರ ತುದಿ ಒಣಗಲಾರಂಭಿಸಿತು. ತಲೆಮಾರುಗಳನ್ನು ಕಂಡ ಮರಕ್ಕೆ ನನ್ನ ಕೈಯಿಂದಲೇ ಹಾನಿಯಾಯಿತೆಂಬ ನೋವು ಇಂದಿಗೂ ಹೋಗಿಲ್ಲ. ಗೋಡೆ ಒಡೆಸಲು ಮತ್ತೆ ಆರು ಸಾವಿರ ಖರ್ಚಾಯಿತು.

ಅದಾದ ಮೇಲೆ ಸಿದ್ದಾಪುರ ತಾಲ್ಲೂಕಿನ, ಇಂಥದೇ ಜಡ್ಡಿಗಳಿರುವ ಕತ್ತಲೆಕಾನು ಕಾಡಿಗೆ ಹೋಗಿ ಒಂದು ದಿನವಿಡೀ ನೀರನ್ನೇ ನೋಡುತ್ತ ಕುಳಿತೆ. ಕೇರು ಮರದ ಬಳಗಕ್ಕೆ ಸೇರಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿ ಹೆಸರಿಟ್ಟದ್ದು ಆ ಕಾನಿನಿಂದಲೇ, ಅದೂ 2000ದಲ್ಲಿ. ಅಲ್ಲಿ ಮಂಡಿಬೇರುಗಳ ಸುತ್ತ ನೀರು ಎಲ್ಲಿಯೂ ಮಡುಗಟ್ಟಿ ನಿಂತಿರಲಿಲ್ಲ. ಬೇರಿನಿಂದ ಬೇರಿಗೆ ತಿರುಗಿ, ಉದುರಿದ ಎಲೆಗಳ ಹಾಸಾದ ದರಕಿನ ಅಡಿಯಲ್ಲಿ ನುಸುಳಿ, ನಿಧಾನವಾಗಿ ಸಾಗುತ್ತಿತ್ತು. ನಾನು ಕೆರೆ ಕಟ್ಟಿದ್ದೆ, ಜಡ್ಡಿಯನ್ನಲ್ಲ ಎಂಬುದು ಅಲ್ಲಿ ತಿಳಿಯಿತು.

ಮರಳಿ ಬಂದು ಬಸಿಗಾಲುವೆಗೆ ಅದರ ಪಕ್ಕದ ಮಣ್ಣನ್ನೇ ತುಂಬಿಸಿ, ಇಡೀ ತಗ್ಗಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಒಂಬತ್ತು ಒಡ್ಡುಗಳನ್ನು ಹಾಕಿಸಿದೆ. ಒಂದೊಂದೂ ಗೇಣೆತ್ತರ ಮಾತ್ರ. ಒಂದರ ಬಾಯಿ ಎಡಕ್ಕಿದ್ದರೆ ಮುಂದಿನದು ಬಲಕ್ಕೆ, ಹಾಗಾಗಿ ನೀರು ಹಾವಿನಂತೆ ಸುತ್ತಿ ಹೋಗಬೇಕು. ಬಾಯಿಯನ್ನು ಎಷ್ಟು ಅಗಲ ಬಿಡಬೇಕು, ಅದರಲ್ಲಿ ಏನು ತುಂಬಬೇಕು ಎಂಬುದನ್ನು ನಾನು ಸ್ಥಳದಲ್ಲಿ ತೋರಿಸುತ್ತೇನೆಯೇ ಹೊರತು ಬರೆಯುವುದಿಲ್ಲ. ಅಂಚಿಗೆ ಕೇದಗೆಯಂಥ ಮುಂಡಿಗೆ ಗಿಡ ನೆಟ್ಟದ್ದರಿಂದ ಒಡ್ಡುಗಳು ಕೊಚ್ಚಿಹೋಗಲಿಲ್ಲ.

ಬೀಜಕ್ಕೆ ನಮ್ಮ ಮರಗಳನ್ನೇ ನಂಬಿದೆ. ಆದರೆ ಪತ್ರೆಗಾಗಿ ಕಾಯಿ ಬಲಿಯುವ ಮೊದಲೇ ಕೊಯ್ಯುವವರಿದ್ದರು. ಅವರೊಡನೆ ಜಗಳವಾಡದೆ, ಅವರಿಗೆ ಸಿಗುತ್ತಿದ್ದ ಹಣವನ್ನು ನಾನೇ ವರ್ಷಕ್ಕೆ ಮೂರು ಸಾವಿರದಂತೆ ಕೊಟ್ಟು ಎರಡು ರಾಂಪತ್ರೆ ಮರಗಳನ್ನು ಉಳಿಸಿಕೊಂಡೆ. ಹಣ್ಣು ಒಡೆದು ಕೆಂಪು ಪತ್ರೆ ಕಂಡ ದಿನವೇ ಬೀಜ ಆರಿಸಿ, ಪತ್ರೆ ತೆಗೆದು, ಒದ್ದೆ ದರಕಿನಲ್ಲಿ ಮುಚ್ಚಿಟ್ಟರೆ ಹತ್ತರಲ್ಲಿ ಏಳು ಮೊಳೆಯುತ್ತವೆ. ಚೀಲಗಳನ್ನು ನೆರಳಿನಲ್ಲಿ, ಸಣ್ಣ ಪೈಪಿನಿಂದ ಸದಾ ನೀರು ಹರಿಯುವ ತೊಟ್ಟಿಯಲ್ಲಿ ಎರಡು ವರ್ಷ ಇಟ್ಟು, ಮಳೆಯ ರಭಸ ತಗ್ಗುವ ಸೆಪ್ಟೆಂಬರ್ ಕೊನೆಯಲ್ಲಿ ನೆಡುತ್ತೇನೆ. ಜೂನ್ ಬಿಟ್ಟು ಸೆಪ್ಟೆಂಬರಿನಲ್ಲಿ ನೆಟ್ಟದ್ದನ್ನು ನೋಡಿ ತಲೆಯಾಡಿಸಿದವರೇ ಈಗ ಸಸಿ ಕೇಳಲು ಬರುತ್ತಾರೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮಂಗಟ್ಟೆ ಹಕ್ಕಿಗಳು ಕೂರುವ ಮರದಡಿಯಲ್ಲಿ ಅವು ಪತ್ರೆ ತಿಂದು ಉಗುಳಿದ ಬೀಜಗಳನ್ನು ಆರಿಸಿ ಬೇರೆಯಾಗಿ ಹಾಕಿದೆ. ಐವತ್ತರಲ್ಲಿ ನಲವತ್ತಕ್ಕೂ ಹೆಚ್ಚು ಮೊಳೆತವು, ನನ್ನ ಕೈಯಿಂದ ಬಿಡಿಸಿದವುಗಳಿಗಿಂತ ಒಂದು ವಾರ ಮೊದಲೇ. ಪತ್ರೆಯ ಚೂರೂ ಉಳಿಯದಂತೆ ಬಿಡಿಸುವುದರಲ್ಲಿ ಕೊಕ್ಕಿಗೆ ನಮ್ಮ ಉಗುರು ಸಮನಲ್ಲವೆಂದು ತೋರುತ್ತದೆ. ಮಂಡಿಬೇರಿನ ಸಂದಿಯಲ್ಲಿ ನೇರವಾಗಿ ಬೀಜ ಹಾಕಿದ್ದೂ ಉಂಟು, ಅದನ್ನು ಮುಳ್ಳುಹಂದಿ ಉಳಿಸಲಿಲ್ಲ.

ಖರ್ಚು ಒಟ್ಟು ಎರಡೂಕಾಲು ಲಕ್ಷದ ಹತ್ತಿರ. ಅದರಲ್ಲಿ ಆಳಿನ ಕೂಲಿ ಮತ್ತು ಬೇಲಿಯದ್ದೇ ಮುಕ್ಕಾಲು ಪಾಲು. ಸಹಾಯಧನಕ್ಕೆ ಅರ್ಜಿ ಹಾಕಿದ್ದೆ, ನೆಡುತೋಪಿನ ಪಟ್ಟಿಯಲ್ಲಿ ಈ ಮರಗಳ ಹೆಸರಿಲ್ಲವೆಂದು ಹಿಂದಿರುಗಿಸಿದರು. ಜಡ್ಡಿಯಿಂದ ತೋಟಕ್ಕೆ ದರಕು ಒಯ್ಯುವುದನ್ನು ನಿಲ್ಲಿಸಿದ್ದಕ್ಕೆ ಮನೆಯಲ್ಲಿ ಒಂದು ವರ್ಷ ಮಾತಿಗೆ ಮಾತು ಬೆಳೆಯಿತು, ಆದರೆ ದರಕು ಉಳಿದ ಎರಡನೆಯ ವರ್ಷವೇ ತಾಯಿಮರಗಳ ಬುಡದಲ್ಲಿ ನಾನು ನೆಡದ ಸಸಿಗಳು ಕಾಣಿಸಿಕೊಂಡವು. ಕಳೆದ ಬೇಸಿಗೆಯಲ್ಲಿ ಎಣಿಸಿದಾಗ ಅವು 600ರ ಮೇಲಿದ್ದವು. ಇವುಗಳಲ್ಲಿ ಹೆಚ್ಚಿನವು ನೆರಳಿನಲ್ಲಿ ವರ್ಷಗಟ್ಟಲೆ ಮೊಣಕಾಲೆತ್ತರದಲ್ಲೇ ಕಾಯುತ್ತವೆ. ಅವು ಬೇಗ ಏಳಲೆಂದು ಕೊಂಬೆ ಕಡಿದು ಬಿಸಿಲು ಬಿಡಬೇಡಿ, ನಾನು ಒಂದು ಮೂಲೆಯಲ್ಲಿ ಹಾಗೆ ಮಾಡಿ ಕಳೆ ಏರಿಸಿಕೊಂಡೆ.

ತುದಿ ಒಣಗಿದ್ದ ಪಿಂಡಿಕಾಯಿ ಮರ ಬುಡದ ಕಡೆಯ ಎರಡು ಕೊಂಬೆಗಳಲ್ಲಿ ಮತ್ತೆ ಚಿಗುರಿದೆ, ಈ ವರ್ಷ ಒಂದರಲ್ಲಿ ಹತ್ತಾರು ಕಾಯಿ ಹಿಡಿದಿವೆ. ಅವನ್ನು ಬೇರೆ ಬೀಜದೊಡನೆ ಬೆರೆಸದೆ, ತೊಟ್ಟಿಯ ಮೇಲಿನ ಸಾಲಿನಲ್ಲಿ ಹಾಕುತ್ತೇನೆ.